ಸ್ಟೇರಿಂಗ್ ಎಳೆಯದ ದೆವ್ವ

ಮುಂದಿನ ಸೀಟಿನ ಹೆಂಗಸಿನ ಕಾಲರಿಗೆ ಹತ್ತಿಯ ಎಳೆಯೊಂದು ಅಂಟಿಕೊಂಡಿದೆ, ಬಸ್ಸು ಕುಲುಕಿದಾಗಲೆಲ್ಲ ಹಾರಿಹೋಗುವ ಹಾಗೆ ಮಾಡಿ ಮತ್ತೆ ಅಲ್ಲೇ ಕೂರುತ್ತದೆ, ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ, ತಲೆಗೆ ಟವೆಲ್ಲು, ಹತ್ತಿ ಬಿಡಿಸಲು ಹೋಗುವವರೆಲ್ಲ ಹೀಗೇ ಹೋಗುವುದು, ಒಣಗಿದ ಕಡ್ಡಿ ತೋಳು ಗೀರಬಾರದು ಎಂದು, ಇದನ್ನು ನನ್ನ ಚಿತ್ರದಲ್ಲಿ ಸರಿಯಾಗಿ ಬಿಡಿಸಿದ್ದೇನೆ, ಮೊಣಕೈ ಹತ್ತಿರ ಅಂಗಿ ಎರಡು ಮಡಿಕೆ ಬೀಳುತ್ತದೆ, ಹೆಗಲು ಜೋಲುತ್ತದೆ, ನನ್ನ ದೆವ್ವ ಕೂಡ ಇಂಥದೇ ಅಂಗಿ ಹಾಕಿಕೊಂಡಿದೆ, ಬಿಳಿ ಸೀರೆ ಇಲ್ಲ, ಬಿಚ್ಚಿದ ಕೂದಲಿಲ್ಲ, ಹಿಂದುಮುಂದಾದ ಪಾದಗಳಿಲ್ಲ, ಮೊದಲ ಸಲ ಕೂದಲು ಬಿಚ್ಚಿಯೇ ಬಿಡಿಸಿದ್ದೆ, ಆಗ ಈಗಿಲ್ಲದ ನನ್ನ ಗೆಳತಿ ಕಲ್ಯಾಣಿ ತಲೆಯೊಳಗೆ ಕೂತು ಬೈದಿದ್ದಳು, ಲೇ ಮೌನಿ, ನನ್ನ ಕೂದ್ಲ ಯಾಕ ಬಿಟ್ಟಿಬೇ, ಹೇನು ಬೀಳ್ತಾವ, ನಮ್ಮವ್ವ ನೋಡಿದ್ರ ಬಾಚಣಿಕಿ ತಗೊಂಡು ಬೆನ್ನತ್ತತಾಳ, ಆ ಹಾಳೆ ಹರಿದು ಎರಡು ಜಡೆ ಹಾಕಿದೆ, ರಿಬ್ಬನ್ ಕಟ್ಟಿದೆ, ಅದು ಅವಳ ದನಿಯಲ್ಲ, ನನ್ನದೇ ಯೋಚನೆ ಎಂದು ನನಗೆ ಗೊತ್ತು, ನಾನೇನು ಹುಚ್ಚಿಯಲ್ಲ, ಆದರೆ ನನ್ನ ಯೋಚನೆ ಅವಳ ಹಾಗೆ ಬೈಯುವುದನ್ನು ಕಲಿತುಬಿಟ್ಟಿದೆ, ಅದಕ್ಕೇ ಪುಸ್ತಕ ಚೆನ್ನಾಗಿ ಬಂದಿದೆ, ಹೌದು, ಚೆನ್ನಾಗಿ ಬಂದಿದೆ, ಬೇರೆಯವರು ಹೇಳಲಿ ಎಂದು ಕಾಯುವುದು ನನಗೆ ಬರುವುದಿಲ್ಲ. ಈ ಬಸ್ಸಿನಲ್ಲಿ ರಾಯಚೂರಿನಿಂದ ಮಾನ್ವಿಗೆ ಹೊರಟ ಇಷ್ಟು ಮಂದಿಗೆ ಗೊತ್ತಿಲ್ಲ, ನನ್ನ ತೊಡೆಯ ಮೇಲಿನ ಫೈಲಿನೊಳಗೆ ಒಂದು ದೆವ್ವ ಟಿಕೆಟ್ ಇಲ್ಲದೆ ಕೂತಿದೆ, ಒಬ್ಬ ಹುಡುಗಿ ಮತ್ತು ಅವಳ ಗೆಳತಿಯ ದೆವ್ವ, ಇಡೀ ಕಾದಂಬರಿ ಚಿತ್ರಗಳಲ್ಲೇ, ಚೌಕದ ಪಕ್ಕ ಚೌಕ, ಮಾತೆಲ್ಲ ಗುಳ್ಳೆಯೊಳಗೆ, ರಾಯಚೂರಿನಲ್ಲಿ ಮಕ್ಕಳ ಪುಸ್ತಕ ಪ್ರಕಟಿಸುವ ವಿಜಯಲಕ್ಷ್ಮಿ ಮೇಡಂ ಕೂತಲ್ಲೇ ಎಲ್ಲ ಹಾಳೆ ತಿರುವಿ, ಕನ್ನಡಕ ತೆಗೆದು, ಇದನ್ನ ನಾವು ತರ್ತೀವಿ ಮೌನೇಶ್ವರಿ, ಆದ್ರ ಆ ಹುಡುಗಿ ತಾಯಿ ಇದ್ದಾರಲ್ಲ, ಅವರಿಗೆ ಮೊದ್ಲು ತೋರಿಸಿ ಬಾ, ಅವರು ಬ್ಯಾಡ ಅಂದ್ರ ಬ್ಯಾಡ ಅಷ್ಟ, ಅಂದರು, ಆಯ್ತ್ರಿ ಮೇಡಂ, ಅವರು ಬ್ಯಾಡ ಅನ್ನಂಗಿಲ್ರಿ, ಅಂದೆ ನಾನು, ಅಷ್ಟು ಖಚಿತವಾಗಿ.

ಯಾಕೆ ಬೇಡ ಎನ್ನುತ್ತಾರೆ, ಊರೆಲ್ಲ ಅವರ ಮಗಳ ಮೇಲೆ ಹೊರಿಸಿದ್ದನ್ನು ಈ ಪುಸ್ತಕ ಇಳಿಸುತ್ತದೆ, ಕಲ್ಯಾಣಿ ಮತ್ತು ನಾನು ಬಾಗಲವಾಡದ ಶಾಲೆಯಲ್ಲಿ ಒಂದೇ ಬೆಂಚು, ಒಂಬತ್ತನೇ ಕ್ಲಾಸು, ಹತ್ತಿ ಸುಗ್ಗಿ ಬಂದಾಗ ಅವಳು ಶಾಲೆ ಬಿಟ್ಟು ಅವ್ವನ ಜೊತೆ ಹೊಲಕ್ಕೆ ಹೊರಟಳು, ಸುಗ್ಗಿ ಮುಗದ ಮ್ಯಾಲ ಬರ್ತೀನಿ, ಗಣಿತ ಬರಕೊಂಡಿಡು, ವಿಜ್ಞಾನ ಬ್ಯಾಡ, ಅದು ಹೆಂಗಾರ ತಿಳೀತದ, ಎಂದಿದ್ದಳು, ಒಂದು ಸಂಜೆ ಕೂಲಿಯವರನ್ನು ತುಂಬಿಕೊಂಡು ಬರುತ್ತಿದ್ದ ಗೂಡ್ಸ್ ಗಾಡಿ ಕಾಲುವೆಯ ಸೇತುವೆ ತಿರುವಿನಲ್ಲಿ ಮಗುಚಿತು, ಎಲ್ಲರಿಗೂ ಕೈಕಾಲು ಮುರಿದು ಜೀವ ಉಳಿಯಿತು, ಕಲ್ಯಾಣಿ ಒಬ್ಬಳದು ಉಳಿಯಲಿಲ್ಲ, ಅವಳವ್ವ ಕನಕಮ್ಮ ಅತ್ತೆ ಅಂದು ಜ್ವರ ಬಂದು ಮನೆಯಲ್ಲಿ ಮಲಗಿದ್ದಳು, ಗಾಡಿ ಹೊಡೆಯುತ್ತಿದ್ದವನು ನನ್ನ ಅವ್ವನ ತಮ್ಮ, ಶೇಖರ ಮಾಮ. ಮಾಮ ಆಸ್ಪತ್ರೆಯ ಮಂಚದ ಮೇಲೆ ಕೂತು ಎಲ್ಲರಿಗೂ ಒಂದೇ ಮಾತು ಹೇಳಿದ, ಏನೋ ಅಡ್ಡ ಬಂತ್ರಿ, ಬೆಳ್ಳಗಿತ್ರಿ, ಸ್ಟೇರಿಂಗ್ ಯಾರೋ ಎಳದಂಗಾತು, ಅಷ್ಟೇ ಸಾಕಾಯಿತು, ಆ ಜಾಗದಲ್ಲಿ ಮೊದಲೇ ಏನೋ ಇತ್ತು ಎಂದರು ಮಂದಿ, ಆಮೇಲೆ ಅದೇ ತಿರುವಿನಲ್ಲಿ ಒಂದು ಟ್ರ್ಯಾಕ್ಟರ್ ಬಿತ್ತು, ಒಬ್ಬ ಬೈಕಿನವನು ಕುಡಿದು ಬಿದ್ದ, ಅಷ್ಟರಲ್ಲಿ ಹಳೆಯ ದೆವ್ವ ಮರೆತುಹೋಗಿ ಕಲ್ಯಾಣಿಯೇ ದೆವ್ವವಾಗಿದ್ದಳು, ಕನಕಮ್ಮನ ಮಗಳು ಸ್ಟೇರಿಂಗ್ ಎಳೀತಾಳ, ಅಕಿಗೆ ಜೋಡಿ ಬೇಕಂತ, ಅಮಾವಾಸ್ಯೆಗೆ ಸೇತುವೆಯ ಮೇಲೆ ನಿಂಬೆಹಣ್ಣು, ಕುಂಕುಮ, ಹಾಯುವ ಪ್ರತಿ ಗಾಡಿಯಿಂದ ಒಂದು ಹಾರನ್, ಯಾರೂ ಗಾಡಿಯೊಳಗೆ ಎಷ್ಟು ಮಂದಿ ತುಂಬಿದ್ದರು ಎಂದು ಕೇಳಲಿಲ್ಲ, ದೆವ್ವ ಇದ್ದರೆ ಎಷ್ಟು ಅನುಕೂಲ ನೋಡು, ಬ್ರೇಕ್ ಸರಿಮಾಡಿಸಬೇಕಿಲ್ಲ, ತಿರುವಿಗೆ ತಡೆಗೋಡೆ ಕಟ್ಟಬೇಕಿಲ್ಲ. ನನ್ನ ಪುಸ್ತಕದ ದೆವ್ವ ಸೇತುವೆಯ ಕಟ್ಟೆಯ ಮೇಲೆ ಕೂತು ಬೇಸತ್ತಿದೆ, ಗಾಡಿಗಳು ಬೈದುಕೊಂಡು ಹೋಗುತ್ತವೆ, ಗೆಳತಿ ಬಂದಾಗ ಹೇಳುತ್ತದೆ, ನನಗ ಸೈಕಲ್ಲ ಬರಂಗಿಲ್ಲಬೇ, ಗಾಡಿ ಸ್ಟೇರಿಂಗ್ ಹೆಂಗ ಎಳೀಲಿ, ಆ ಚೌಕ ಓದಿ ಮೇಡಂ ನಕ್ಕರು, ನಕ್ಕು ಸುಮ್ಮನಾದರು, ನನಗೆ ಬೇಕಿದ್ದದ್ದೂ ಅದೇ.

ಆದರೆ ಗಾಡಿ ಮಗುಚುವ ಹಾಳೆಗೆ ಬಂದಾಗ ಊಹೆಯಿಂದ ಬಿಡಿಸಲು ಮನಸ್ಸು ಒಪ್ಪಲಿಲ್ಲ, ಅದಕ್ಕೇ ಹೋದ ವಾರ ದೇವದುರ್ಗಕ್ಕೆ ಹೋಗಿದ್ದೆ, ಮಾಮ ಈಗ ಅಲ್ಲಿ ಆಟೋ ಓಡಿಸುತ್ತಾನೆ, ಗೂಡ್ಸ್ ಗಾಡಿ ಅವತ್ತೇ ಹೋಯಿತು, ಕೇಸು ಕೋರ್ಟಿನಲ್ಲಿ ಹೇಗೋ ಮುಗಿಯಿತು, ಊರಿಗೆ ಮಾತ್ರ ಅವನು ತಿರುಗಿ ಬರಲಿಲ್ಲ, ನಮ್ಮ ಮನೆಯೂ ರಾಯಚೂರಿಗೆ ಬಂತು, ಅಪ್ಪನಿಗೆ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿತು, ನನಗೆ ಕಾಲೇಜು. ಮಾಮ ಬಾವಿಕಟ್ಟೆಯ ಹತ್ತಿರ ಆಟೋ ತೊಳೆಯುತ್ತಿದ್ದ, ನಾನು ಸುತ್ತಿ ಬಳಸದೆ ಕೇಳಿದೆ, ಮಾಮ, ಅವತ್ತ ಏನು ಅಡ್ಡ ಬಂದಿತ್ತು, ನಾನು ಚಿತ್ರ ಬಿಡಸಬೇಕು, ಬೆಳ್ಳಗ ಅಂದ್ರ ಹೆಂಗ, ಆಕಳಾ, ಮನುಷ್ಯಾಳಾ, ಎತ್ತರ ಎಷ್ಟು, ಮಾಮ ಬಟ್ಟೆ ಹಿಂಡಿದ, ಮತ್ತೆ ಅದ್ದಿದ, ಮತ್ತೆ ಹಿಂಡಿದ, ಸೋಪಿನ ನೀರು ಅವನ ಮೊಣಕೈಯಿಂದ ಇಳಿಯುತ್ತಿತ್ತು, ನಾನು ಪೆನ್ಸಿಲ್ ಹಿಡಿದು ನಿಂತೇ ಇದ್ದೆ, ಪೆನ್ಸಿಲ್ ಹಿಡಿದು ನಿಂತವರ ಮುಂದೆ ಸುಳ್ಳು ಹೇಳುವುದು ಕಷ್ಟ, ಅವರು ಮುಂದಿನ ಪ್ರಶ್ನೆ ಕೇಳುತ್ತಾರೆ, ಬಣ್ಣ ಕೇಳುತ್ತಾರೆ, ಕೊನೆಗೆ ನನಗೆ ಬೆನ್ನು ಮಾಡಿ ಗಾಜು ಒರೆಸುತ್ತ ಹೇಳಿದ, ಏನೂ ಬಂದಿದ್ದಿಲ್ಲವ್ವ, ಮಂದಿ ಭಾಳ ತುಂಬಿದ್ದೆ, ಬ್ರೇಕ್ ಹತ್ತಲಿಲ್ಲ, ಮುಂಜಾನಿನೇ ಗೊತ್ತಿತ್ತು ಬ್ರೇಕ್ ಸರಿ ಇಲ್ಲಂತ, ಇನ್ನೊಂದ ಟ್ರಿಪ್ ಅಂತ ಹೊಡದೆ. ಅಷ್ಟೇ, ಅಳಲಿಲ್ಲ, ಕೂಗಾಡಲಿಲ್ಲ, ಒರೆಸಿದ ಗಾಜನ್ನೇ ಮತ್ತೆ ಒರೆಸಿದ, ಆಮೇಲೆ, ಬಿಡಸು, ಖರೇನ ಬಿಡಸು, ನನ್ನ ಹೆಸರೊಂದು ಹಾಕಬ್ಯಾಡ ಮೌನಿ, ನನಗೂ ಒಂದು ಹೆಣ್ಣು ಕೂಸದ, ಎಂದ, ಇಲ್ಲ ಮಾಮ, ಹಾಕಂಗಿಲ್ಲ, ಎಂದೆ, ಹೆಸರಿಲ್ಲದಿದ್ದರೆ ಏನು ಕಡಿಮೆಯಾಗುತ್ತದೆ ಎಂದುಕೊಂಡೆ, ಅವತ್ತೇ ಬಂದು ಆ ಹಾಳೆ ಮುಗಿಸಿದೆ, ಕಾಲು ಬ್ರೇಕನ್ನು ಒತ್ತುತ್ತಿರುವ ಚೌಕ, ಇನ್ನೂ ಒತ್ತುತ್ತಿರುವ ಚೌಕ, ಪೂರ್ತಿ ನೆಲಕ್ಕೆ ಹತ್ತಿದ ಕಾಲಿನ ಚೌಕ, ಆಮೇಲೆ ಹಾಳೆ ತುಂಬ ಖಾಲಿ ಬಿಳಿ, ಆ ಬಿಳಿಯೇ ಅಡ್ಡ ಬಂದದ್ದು, ಬೇರೇನಿಲ್ಲ, ಇಂಥ ಹಾಳೆ ಯಾರು ಬಿಡಿಸಿದ್ದಾರೆ ತೋರಿಸಿ.

ಮಾನ್ವಿ ಬಂತು, ಇಳಿ, ಫೈಲು ಎದೆಗೆ ಒತ್ತಿಕೋ, ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿಯ ಎಣ್ಣೆ ವಾಸನೆ, ಬಾಗಲವಾಡದ ಕಡೆಗೆ ಟಂಟಂ ಆಟೋ ತುಂಬುತ್ತಿದೆ, ಡ್ರೈವರ್ ದಸ್ತಗೀರ್ ಸಾಬ್, ಬಿಳಿ ಗಡ್ಡ, ನಾನು ಶಾಲೆಗೆ ಹೋಗುವಾಗಲೂ ಇವರದೇ ಗಾಡಿ, ಗುರುತು ಹಿಡಿದು, ಅರೆ ಬೇಟಿ, ಎಷ್ಟ ದೊಡ್ಡಾಕಿ ಆಗೀದಿ, ಬಾ, ಮುಂದ ಕುಂದ್ರು, ಎಂದರು, ಮುಂದೆಯೇ ಕೂತೆ, ಅವರ ಬ್ರೇಕು ನೋಡಬೇಕಿತ್ತು ನನಗೆ, ಚೆನ್ನಾಗಿದೆ, ಹಿಂದೆ ಜನವೂ ಲೆಕ್ಕಕ್ಕೆ ಸರಿ, ಭತ್ತ ಕೊಯ್ದ ಗದ್ದೆಗಳು, ಕಾಲುವೆಯ ಏರಿ, ದೂರದಿಂದಲೇ ಸೇತುವೆ ಕಾಣಿಸಿತು, ಇಷ್ಟು ಸಲ ಬಿಡಿಸಿದ್ದೇನೆ ಈ ಸೇತುವೆಯನ್ನು, ಕಟ್ಟೆಯ ಎಡಗಡೆ ಮೂಲೆ ಒಡೆದದ್ದು ಕೂಡ ನನ್ನ ಕೈಗೆ ಬಾಯಿಪಾಠ, ಒಣಗಿದ ನಿಂಬೆಹಣ್ಣುಗಳು ಅಲ್ಲೇ ಬಿದ್ದಿವೆ, ದಸ್ತಗೀರ್ ಸಾಬರು ಹಾರನ್ ಹೊಡೆದರು, ಯಾಕ ಚಾಚಾ, ಎಂದೆ, ಕನಕಮ್ಮನ ಮಗಳು ಅದಾಳಲ್ಲ ಬೇಟಿ, ಸಲಾಂ ಹೇಳಿದಂಗ, ಎಂದರು, ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಪ್ರೀತಿಯೇ ಇತ್ತು, ಆದರೂ ನಾನು ಹೇಳಿದೆ, ಅಕಿ ಏನೂ ಮಾಡಂಗಿಲ್ಲ ಚಾಚಾ, ತಿರುವು ಕೆಟ್ಟದದ, ಹಾರನ್ ಆಮ್ಯಾಲ ಹೊಡೀರಿ, ಮೊದ್ಲು ಗೇರ್ ಇಳಸ್ರಿ, ಅವರು ನನ್ನ ಮುಖ ನೋಡಿ ನಕ್ಕು ಗೇರ್ ಇಳಿಸಿದರು, ಕಲ್ಯಾಣಿ ಒಳಗೆ ಚಪ್ಪಾಳೆ ಹೊಡೆದಳು, ನೋಡು, ಒಬ್ಬರಾದರು, ಪುಸ್ತಕ ಬಂದ ಮೇಲೆ ಸಾವಿರ ಜನ ಆಗುತ್ತಾರೆ.

ಕನಕಮ್ಮ ಅತ್ತೆಯ ಮನೆ ಓಣಿಯ ಕೊನೆಯಲ್ಲಿ, ಹೊಸ್ತಿಲಿಗೆ ನೀಲಿ ಬಣ್ಣ, ಗೋಡೆಗೆ ಬುದ್ಧನ ಪಟ, ಪಟದ ಪಕ್ಕ ಕಲ್ಯಾಣಿಯದು ಇರುತ್ತದೆ ಎಂದುಕೊಂಡಿದ್ದೆ, ಇಲ್ಲ, ಅತ್ತೆ ಮೊರದಲ್ಲಿ ಜೋಳ ಕೇರುತ್ತಿದ್ದಳು, ತಲೆ ಎತ್ತಿ, ಯಾರವ್ವ, ಅಂದಳು, ನಾ ಅತ್ತಿ, ಮೌನಿ, ಅಂದೆ, ಅಯ್ಯ ನಮ್ಮವ್ವ, ಎಂದು ಎದ್ದವಳು ನನ್ನ ಎರಡೂ ಕೆನ್ನೆ ಹಿಡಿದು ಬಹಳ ಹೊತ್ತು ನೋಡಿದಳು, ನೋಡಿದ್ದು ನನ್ನನ್ನಲ್ಲ, ನನ್ನ ಎತ್ತರವನ್ನು, ಕೈ ತಲೆಯ ಮೇಲಿಟ್ಟು ತನ್ನ ಭುಜಕ್ಕೆ ಅಳೆದಳು, ಚಹಾ ಇಟ್ಟಳು, ಚುರುಮುರಿ ತಂದಳು, ನಾನು ಫೈಲು ಬಿಚ್ಚಿ ಹಾಳೆಗಳನ್ನು ಚಾಪೆಯ ಮೇಲೆ ಹರವಿದೆ, ಅತ್ತಿ, ಕಲ್ಯಾಣಿ ಮ್ಯಾಲ ಪುಸ್ತಕ ಮಾಡೀನಿ, ನಿನಗ ತೋರಸಾಕ ಬಂದೀನಿ, ಅವಳಿಗೆ ಓದಲು ಬರುವುದಿಲ್ಲ, ಚಿತ್ರಕ್ಕೆ ಓದು ಬೇಕಿಲ್ಲವಲ್ಲ, ಬೆರಳಿನಿಂದ ಚೌಕ ಚೌಕವಾಗಿ ನೋಡಿದಳು, ಶಾಲೆಯ ಚೌಕದಲ್ಲಿ ನಿಂತಳು, ಜಡೆಯ ಮೇಲೆ ಬೆರಳು ಆಡಿಸಿದಳು, ಹತ್ತಿ ಹೊಲ ದಾಟಿದಳು, ಬ್ರೇಕಿನ ಹಾಳೆ ಬೇಗ ಮಗುಚಿದಳು, ಸೇತುವೆಯ ಕಟ್ಟೆಯ ಮೇಲೆ ಕೂತ ಹುಡುಗಿಯ ಹತ್ತಿರ ಬಂದು ಬೆರಳು ನಿಂತಿತು, ಅವಳ ಕಾಲ ಕೆಳಗೆ ನೆರಳು ಬಿಡಿಸಿರಲಿಲ್ಲ ನಾನು, ದೆವ್ವಕ್ಕೆ ನೆರಳಿಲ್ಲ, ಅದೊಂದೇ ಗುರುತು ಸಾಕೆಂದು, ಬಹಳ ಜಾಣತನ ಎಂದುಕೊಂಡಿದ್ದೆ, ಅತ್ತೆಗೆ ತಕ್ಷಣ ತಿಳಿಯಿತು, ದೆವ್ವ ಮಾಡೀದಿ, ಅಂದಳು, ಎಲ್ಲಾರೂ ಮಾಡಿದ್ರು, ನೀನೂ ಮಾಡೀದಿ.

ಅತ್ತೆಯ ದನಿ ಏರಲಿಲ್ಲ, ಅಮಾಸಿ ಬಂತಂದ್ರ ಬಾಗಿಲಿಗೆ ಬರ್ತಾರಬೇ, ನಿನ್ನ ಮಗಳಿಗೆ ಎಡಿ ಕೊಡು, ನಮ್ಮ ಹುಡುಗರು ಆ ಹಾದಿಲೆ ಹೋಗ್ತಾರ ಅಂತಾರ, ನಾ ಕೊಡಂಗಿಲ್ಲ, ನನ್ನ ಮಗಳೇನು ಬೇಡ್ಕೊಂಡು ತಿನ್ನಾಕಿ ಏನು, ಪಟಾ ಹಾಕಿದ್ರ ಬಂದವರು ಅದನ್ನ ನೋಡಿ ಅಂಜತಾರ ಅಂತ ಪಟಾನೂ ತಗದಿಟ್ಟೀನಿ. ಹಾಳೆ ಮಡಚಿ ಎದ್ದುಹೋಗಬಹುದಿತ್ತು, ಮೇಡಂಗೆ ಬೇಡವಂತೆ ಎನ್ನಬಹುದಿತ್ತು, ಆದರೆ ಈ ಮೌನಿ ಹಾಗೆ ಎದ್ದುಹೋಗುವವಳಲ್ಲ, ನನಗೆ ನನ್ನ ಹಾಳೆಗಳ ಮೇಲೆ ನಂಬಿಕೆ ಇದೆ, ಅವು ಸುಳ್ಳು ಹೇಳಿಲ್ಲ, ಅತ್ತಿ, ಅಕಿ ಏನು ಮಾತಾಡ್ತಾಳ ಅಂತ ಕೇಳು, ಕೇಳಿ ಆಮ್ಯಾಲ ಬ್ಯಾಡ ಅನ್ನು, ಎಂದು ಗುಳ್ಳೆಗಳನ್ನೆಲ್ಲ ಓದಿದೆ, ಕಲ್ಯಾಣಿಯ ದನಿಯಲ್ಲೇ ಓದಿದೆ, ಹೇನಿನ ಮಾತು, ಗಣಿತದ ಮಾತು, ನನಗ ಸೈಕಲ್ಲ ಬರಂಗಿಲ್ಲಬೇ, ಗಾಡಿ ಸ್ಟೇರಿಂಗ್ ಹೆಂಗ ಎಳೀಲಿ, ಅತ್ತೆಯ ಬಾಯಿಂದ ಏನೋ ಒಂದು ಸದ್ದು ಬಂತು, ನಗುವೋ ಎಂಬಷ್ಟರಲ್ಲಿ ಸೆರಗು ಬಾಯಿಗೆ ಹೋಯಿತು, ಖರೇ, ಅಕಿಗೆ ಸೈಕಲ್ ಬರ್ತಿದ್ದಿಲ್ಲ, ಕಲಸು ಅಂದ್ರ ಅವರಪ್ಪ ನಾಳಿ ನಾಡ್ದು ಅಂತಿದ್ದ, ಎಂದು ಅತ್ತಳು, ಮೊರದಲ್ಲಿ ಜೋಳ ಹಾಗೇ ಇತ್ತು, ಅಳಲಿ ಎಂದು ಬಿಟ್ಟೆ, ನನಗೂ ಅಳು ಬಂತು, ಆದರೆ ಹಾಳೆಗಳನ್ನು ದೂರ ಸರಿಸಿದೆ, ಶಾಯಿ ಕದಡಬಾರದಲ್ಲ. ಆಮೇಲೆ ಹೇಳಿದೆ, ಮಾಮ ಹೇಳ್ಯಾನತ್ತಿ, ಏನೂ ಅಡ್ಡ ಬಂದಿದ್ದಿಲ್ಲಂತ, ಬ್ರೇಕ್ ಇದ್ದಿದ್ದಿಲ್ಲಂತ, ಅತ್ತೆ ಮುಖ ಒರೆಸಿಕೊಂಡು, ಅದು ನನಗ ಅವತ್ತ ಗೊತ್ತು, ನನಗ ಯಾಕ ಹೇಳ್ತಾನ, ಊರಿಗೆ ಹೇಳ್ಲಿ, ಎಂದಳು, ಬ್ರೇಕಿನ ಹಾಳೆಯನ್ನು ಈಗ ತಾನಾಗಿಯೇ ಹತ್ತಿರ ಎಳೆದುಕೊಂಡಳು, ಇದು ಯಾರ ಕಾಲು, ಇವನ ಹೆಸರು ಎಲ್ಲಿ ಬರದೀದಿ, ಬರದಿಲ್ಲತ್ತಿ, ಮಾಮ ಬ್ಯಾಡ ಅಂದಾನ, ನಾ ಮಾತು ಕೊಟ್ಟೀನಿ, ಅತ್ತೆ ನನ್ನನ್ನು ನೋಡಿದಳು, ಬೈಯಲಿಲ್ಲ, ಲೆಕ್ಕ ಹೇಳಿಕೊಡುವ ಹಾಗೆ ಕೇಳಿದಳು, ನನ್ನ ಮಗಳ ಹೆಸರು ಹಾದಿಮ್ಯಾಲ ಹೋಗೋ ಎಲ್ಲಾರ ಬಾಯಾಗ ಅದ, ಹಾರನ್ ಹೊಡದು ಹೇಳ್ತಾರ, ಅವನ ಹೆಸರು ಯಾಕ ಯಾರ ಬಾಯಾಗೂ ಇರಬಾರ್ದು.

ಹಿತ್ತಲಿಗೆ ಹೋಗಿ ಮಾಮನಿಗೆ ಫೋನ್ ಹಚ್ಚಿದೆ, ಅವನ ಹಿಂದೆ ದೇವದುರ್ಗದ ಸ್ಟ್ಯಾಂಡಿನ ಗದ್ದಲ, ಮಾಮ, ನಾ ಕನಕಮ್ಮತ್ತಿ ಮನ್ಯಾಗ ಅದೀನಿ, ನಿನ್ನ ಹೆಸರು ಹಾಕ್ತೀನಿ, ಮಾತು ಕೊಟ್ಟಿದ್ದಿ ಮೌನಿ, ಕೊಟ್ಟಿದ್ದೆ ಮಾಮ, ಕೊಡಬಾರದಾಗಿತ್ತು, ಅದು ನಾ ಕೊಡೋ ಮಾತಲ್ಲ, ಕದ್ದು ಹಾಕಂಗಿಲ್ಲ, ಹೇಳೇ ಹಾಕ್ತೀನಿ, ಆಟೋದ ಇಂಜಿನ್ ಬಂದ್ ಆದದ್ದು ಕೇಳಿಸಿತು, ಅಕಿ ಹೇಳಿದ್ಲೇನು, ಹೂಂ ಮಾಮ, ಅಕಿನ ಹೇಳಿದ್ಲು, ಆಮೇಲೆ, ಹಾಕ್ಕೋ ಹೋಗು, ಎಂದು ಕಟ್ ಮಾಡಿದ, ಸಿಟ್ಟೋ, ಒಪ್ಪಿಗೆಯೋ, ತಿಳಿಯಲಿಲ್ಲ, ದೇವದುರ್ಗಕ್ಕೆ ಹೋಗಿ ಮುಖಾಮುಖಿ ಕೂರಬೇಕು, ಅವ್ವ ಮನೆಯಲ್ಲಿ ಕುದಿಯುತ್ತಾಳೆ, ಕುದಿಯಲಿ, ಅವ್ವನಿಗೆ ಹೇಗೆ ಹೇಳಬೇಕೆಂದು ನನಗೆ ಬರುತ್ತದೆ, ಒಳಗೆ ಬಂದು ಚಾಪೆಯ ಮೇಲೆ ಮೊಣಕಾಲೂರಿ, ಗಾಡಿಯ ಮುಂದಿನ ಗಾಜಿನ ಮೇಲೆ, ಅವತ್ತು ಅವನ ಹೆಸರು ನಿಜವಾಗಿ ಬರೆದಿದ್ದ ಜಾಗದಲ್ಲೇ, ಶೇಖರ ಎಂದು ಬರೆದೆ, ಮೂರೇ ಅಕ್ಷರ, ಅತ್ತೆಗೆ ಓದಿ ತೋರಿಸಿದೆ, ಅವಳು ಆ ಅಕ್ಷರಗಳನ್ನು ಎಷ್ಟು ಹೊತ್ತು ನೋಡಿದಳೆಂದರೆ ಒಂದೊಂದನ್ನೂ ಕಲಿಯುತ್ತಿದ್ದಾಳೆ ಅನ್ನಿಸಿತು.

ಇನ್ನ ಒಂದು, ಎಂದಳು, ಮತ್ತೆ ಸೇತುವೆಯ ಹಾಳೆ, ಮತ್ತೆ ಆ ಹುಡುಗಿ, ಈಕಿ ಇನ್ನಾ ಸಣ್ಣಾಕಿ ಅದಾಳಲ್ಲಬೇ, ಇದರಾಗ ನೀ ದೊಡ್ಡಾಕಿ ಆಗಾಕತ್ತೀದಿ, ಕಾಲೇಜಿಗೆ ಹೊಂಟೀದಿ, ಈಕಿ ಅಲ್ಲೇ ಎರಡು ಜಡಿ ಹಾಕ್ಕೊಂಡು ಕುಂತಾಳ, ದೆವ್ವ ಬೆಳೆಯುವುದಿಲ್ಲ ಅತ್ತೆ, ಅದು ನಿಯಮ, ಎಂದು ನನ್ನ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ, ಯಾರ ನಿಯಮ ಅದು, ಬಿಳಿ ಸೀರೆ ಬಿಟ್ಟೆ, ಹಿಂದುಮುಂದಿನ ಪಾದ ಬಿಟ್ಟೆ, ಇದೊಂದನ್ನು ಯಾಕೆ ಹಿಡಿದುಕೊಂಡೆ, ಅಕಿನ್ನ ದೊಡ್ಡಾಕಿ ಮಾಡು, ಎಂದಳು ಅತ್ತೆ, ನಿನ್ನಷ್ಟ ಮಾಡು, ದೆವ್ವ ಅಂದ್ರ ಅನ್ನಲಿ, ಹದಿನೆಂಟರಾಕಿ ಇರ್ಲಿ, ಹೂಂ ಎಂದು ಹೊಸ ಹಾಳೆ ತೆಗೆದೆ, ಅಂಗಿ ಬಂತು, ಹೆಗಲು ಬಂತು, ಒಂದೇ ಜಡೆ ಮುಂದಕ್ಕೆ ಬಂತು, ಮುಖಕ್ಕೆ ಬಂದಾಗ ಕೈ ನಿಂತಿತು, ಹದಿನೈದರ ಕಲ್ಯಾಣಿಯನ್ನು ಕಣ್ಣು ಮುಚ್ಚಿ ಬಿಡಿಸುತ್ತೇನೆ, ಹದಿನೆಂಟರವಳನ್ನು ನಾನು ನೋಡಿಲ್ಲ, ಯಾರೂ ನೋಡಿಲ್ಲ, ಕಲ್ಯಾಣಿ, ಹೇಳು, ಹೇಗಿದ್ದೀಯ, ಒಳಗೆ ಯಾರೂ ಮಾತಾಡಲಿಲ್ಲ, ಒರೆಸಿದೆ, ಎಳೆದೆ, ನನ್ನದೇ ಮುಖ ಬಂತು, ಒರೆಸಿದೆ, ಇದೊಂದು ನನಗ ಬರಂಗಿಲ್ಲೇನೋ ಅತ್ತಿ, ಅಕಿ ಮುಖ ಹೆಂಗ ಆಗಿರ್ತಿತ್ತು ನನಗ ತಿಳೀವಲ್ದು, ಎಂದೆ, ಅತ್ತೆ ಎದ್ದಳು, ಮೊರ ಬದಿಗಿಟ್ಟಳು, ಹಂಡೆಯ ನೀರಿನಲ್ಲಿ ಮುಖ ತೊಳೆದಳು, ಸೆರಗಿನಿಂದ ಒರೆಸಿಕೊಂಡು ಕೂದಲು ಹಿಂದಕ್ಕೆ ತೀಡಿ ಬಾಗಿಲ ಬೆಳಕಿಗೆ ಬಂದು ಕೂತಳು, ಅಕಿ ನನ್ನಂಗ ಇದ್ಲಂತ ಎಲ್ಲಾರೂ ಅಂತಿದ್ರು, ಮದಿವ್ಯಾಗ ನನಗ ಹದಿನೆಂಟು, ನೋಡು, ಇದರಾಗ ಹುಡುಕು, ಎಂದು ಗದ್ದ ಎತ್ತಿದಳು, ಬಿಸಿಲಿಗೆ ಸುಟ್ಟ ಕೆನ್ನೆ, ಕಣ್ಣಿನ ಸುತ್ತ ಗೆರೆ, ಗೆರೆ ಬಿಡು, ಕೆನ್ನೆ ತುಂಬು, ಹುಬ್ಬು ಹಾಗೇ ಇರಲಿ, ಪೆನ್ಸಿಲ್ ಹೊರಟಿತು, ನೆರಳು ಹಾಕು, ಕಾಲ ಕೆಳಗೂ ಹಾಕು, ಇವಳಿಗೆ ನೆರಳು ಇರಲಿ, ಓಣಿಯಲ್ಲಿ ಯಾರೋ ಕರೆದರು, ಅತ್ತೆ ತಿರುಗಲಿಲ್ಲ, ಗದ್ದ ಎತ್ತಿ ಕೂತಿದ್ದಾಳೆ, ನೊಣ ಬಂದು ಹಣೆಯ ಮೇಲೆ ಕೂತಿತು, ಓಡಿಸಲಿಲ್ಲ, ಗದ್ದ ಎತ್ತಿ ಕೂತಿದ್ದಾಳೆ, ಹಂಡೆಯ ನೀರಿನ ಒಂದು ಹನಿ ಕಿವಿಯ ಹಿಂದಿನಿಂದ ಇಳಿದು ಗದ್ದದ ತುದಿಗೆ ಬಂದು ನಿಂತಿದೆ, ಬೀಳಲಿಲ್ಲ, ಬೆಳಕು ಅದರೊಳಗೆ ನಿಂತಿದೆ, ಅವಳು ಗದ್ದ ಎತ್ತಿ ಕೂತಿದ್ದಾಳೆ, ಹನಿ ಗದ್ದದ ತುದಿಯಲ್ಲಿ —